ಕಡೆಯ ಬಸ್ಸಿನಲ್ಲಿ ಮುಗಿದ ಸಿನಿಮಾ

ಶಹಾಪುರದಿಂದ ಗೋಗಿಗೆ ಹೊರಟ ಕಡೆಯ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಅಂದು ನಾವು ಮೂವರಿದ್ದೆವು: ನನ್ನ ದೊಡ್ಡವ್ವ ಶರಣವ್ವ, ನೆರೆಮನೆಯ ಬಸಮ್ಮ, ಇಬ್ಬರ ನಡುವೆ ಮಿರ್ಚಿ ಕಟ್ಟಿದ ಎಣ್ಣೆಗಾಗದವನ್ನು ತೊಡೆಯ ಮೇಲಿಟ್ಟುಕೊಂಡ ನಾನು. ಊರ ಶಾಲೆಯಲ್ಲಿ ಮಾಸ್ತರನಾಗಿ ಆಗ ನನಗೆ ಒಂದು ವರ್ಷ ತುಂಬಿತ್ತು. ಭಾನುವಾರದ ಮಧ್ಯಾಹ್ನದ ಆಟ ನೋಡಿ ಬರುತ್ತಿದ್ದೆವು. ನೋಡಿ ಎಂದೆನೆ? ಮುಕ್ಕಾಲು ನೋಡಿ ಎನ್ನಬೇಕು. ಆಟ ಬಿಡುತ್ತಿದ್ದುದು ಆರಕ್ಕೆ, ಬಸ್ಸು ಬಿಡುತ್ತಿದ್ದುದು ಐದೂವರೆಗೆ. ಹೀಗಾಗಿ ನಮ್ಮೂರಿನವರು ಯಾವ ಸಿನಿಮಾದ ಕೊನೆಯನ್ನೂ ಕಂಡವರಲ್ಲ. ನಾಯಕನು ಖಳನ ಕೊರಳಪಟ್ಟಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಒಂದು ಸಾಲು ಜನ ಕತ್ತಲಲ್ಲಿ ಚಪ್ಪಲಿ ತಡಕುತ್ತ ಮೇಲೇಳುತ್ತಿದ್ದರು. “ಗೋಗ್ಯಾವ್ರು ಎದ್ರಪಾ, ಇನ್ನ ಸಿನಿಮಾ ಮುಗ್ಯಾಕ ಬಂತು” ಎಂದು ಶಹಾಪುರದವರು ನಗುತ್ತಿದ್ದರು.

ನಗಲಿ ಬಿಡಿ. ಅವರಿಗೆ ಒಂದು ಸಿನಿಮಾಕ್ಕೆ ಒಂದೇ ಅಂತ್ಯ, ನಮಗೆ ಹಾಗಲ್ಲ. ಬಸ್ಸು ಊರ ಹೊರಗಿನ ಹೊಲಗಳನ್ನು ಮುಟ್ಟಿದ್ದೇ ತಡ, ಉಳಿದ ಕತೆಯನ್ನು ಕಟ್ಟುವ ಕೆಲಸಕ್ಕೆ ಕೈಹಚ್ಚುತ್ತಿದ್ದೆವು. ಒಬ್ಬರು ಖಳನನ್ನು ಬಾವಿಗೆ ತಳ್ಳುವರು, ಇನ್ನೊಬ್ಬರು ಅವನಿಗೂ ಹೆಂಡಿರು ಮಕ್ಕಳಿದ್ದಾರೆಂದು ಮೇಲೆತ್ತುವರು. ಟಿಕೀಟು ಹರಿಯುತ್ತ ಬರುವ ಕಂಡಕ್ಟರ್ ಹುಸೇನಸಾಬ, ಸಿನಿಮಾ ನೋಡದೆಯೂ, ತನ್ನದೊಂದು ಮಾತು ಸೇರಿಸುವನು. ಕಟ್ಟಕಡೆಗೆ ಎಲ್ಲರೂ ದೊಡ್ಡವ್ವನ ಮುಖ ನೋಡುವರು. ಅಕ್ಷರ ಕಲಿಯದ ಆ ಹೆಂಗಸು ಸೆರಗು ಸರಿಪಡಿಸಿಕೊಂಡು ನಾಲ್ಕು ಮಾತಿನಲ್ಲಿ ಕತೆ ಮುಗಿಸಿದಳೆಂದರೆ ಮುಗಿಯಿತು. ಮರುದಿನ ಊರ ತುಂಬ ಅದೇ ಅಂತ್ಯ. ನನ್ನ ನಾಲಗೆಗೆ ಕನ್ನಡ ಹತ್ತಿದ್ದು ಶಾಲೆಯ ಪುಸ್ತಕದಿಂದಲೆಂದು ಜನ ತಿಳಿದಿದ್ದಾರೆ. ನಿಜವಾಗಿ ಅದು ಆ ಬಸ್ಸಿನ ಕುಲುಕಾಟದಲ್ಲಿ, ದೊಡ್ಡವ್ವನ ಬಾಯಿಂದ ಹತ್ತಿದ್ದು.

ಆಮೇಲೆ ಯಾದಗಿರಿಯಲ್ಲಿಯೂ ಸುರಪುರದಲ್ಲಿಯೂ ಎಷ್ಟೋ ಸಿನಿಮಾಗಳನ್ನು ಪರದೆ ಬೆಳ್ಳಗಾಗುವವರೆಗೆ ಕೂತು ನೋಡಿದ್ದೇನೆ. ಸ್ನೇಹಿತರಾದ ನಿಮ್ಮೆದುರು ಮುಚ್ಚಿಡುವುದೇನು, ಬಹುಪಾಲು ಸಿನಿಮಾಗಳ ಕೊನೆಯ ಅರ್ಧ ಗಂಟೆ ನನಗೆ ಸೇರಿಲ್ಲ. ಎರಡು ತಾಸು ಹೆರಳು ಹೆಣೆದಂತೆ ಕತೆ ಹೆಣೆದವರು ಕಡೆಗೆ ಬಂದಾಗ ಗಂಟನ್ನು ಹೇಗೋ ಬಿಗಿದು ಎದ್ದುಬಿಡುತ್ತಾರೆ. ಬಸ್ಸು ತಪ್ಪೀತೆಂಬ ಅವಸರ ನಮಗಿಂತ ಅವರಿಗೇ ಹೆಚ್ಚು. ಹೊಡೆದಾಟವಿರಲಿ, ಕುಣಿತವಿರಲಿ, ಅಳುವಿರಲಿ, ನನಗೆ ಎಲ್ಲವೂ ಇಷ್ಟವೇ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಜಗಳಕ್ಕೆ ಒಂದಿಷ್ಟು ಜಾಗ ಬಿಡದ ಸಿನಿಮಾಕ್ಕೆ ನಾನು ಅರ್ಧ ಅಂಕವನ್ನೂ ಕೊಡಲಾರೆ.

ಅಂದಿನ ಸಿನಿಮಾದಲ್ಲಿ ಒಬ್ಬ ತಾಯಿ. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾಗಿ ಹೋದಳೆಂದು ಮುನಿದವಳು. ಮಗಳೇ ಮೊದಲು ಬರಲಿ ಎಂದು ಹೊಸ್ತಿಲಲ್ಲಿ ಕಾದು ಕಾದು ಹಾಸಿಗೆ ಹಿಡಿದಿದ್ದಳು. ಅಷ್ಟರಲ್ಲಿ ನಾವು ಎದ್ದು ಬಂದಿದ್ದೆವು. ನನ್ನ ಪಕ್ಕದಲ್ಲಿದ್ದ ಬಸಮ್ಮನ ಮಗಳು ಮಾದೇವಿಯೂ ಹಾಗೆಯೇ ಮದುವೆಯಾಗಿ ವಡಗೇರಾಕ್ಕೆ ಹೋಗಿ ನಾಲ್ಕು ವರ್ಷಗಳಾಗಿದ್ದವು. ಇವಳು ಕರೆದಿರಲಿಲ್ಲ, ಅವಳು ಬಂದಿರಲಿಲ್ಲ. ಮೊಮ್ಮಗ ಹುಟ್ಟಿದ ಸುದ್ದಿಯನ್ನೂ ಬಸಮ್ಮ ಸಂತೆಯಲ್ಲಿ ಬೇರೆಯವರ ಬಾಯಿಂದ ಕೇಳಿದ್ದಳು.

“ಮುಂದ ಏನಾತು ಶರಣಕ್ಕಾ? ಮಗಳು ಬಂದಳೋ ಇಲ್ಲೋ?” ಎಂದು ಬಸಮ್ಮ ಕೇಳಿದಳು. ಎಂದೂ ತಡವರಿಸದ ದೊಡ್ಡವ್ವ ಅಂದು ಕಾಲುವೆಯ ಸೇತುವೆ ದಾಟುವವರೆಗೂ ಸೆರಗಿನ ಅಂಚನ್ನು ಮಡಚಿ ಬಿಚ್ಚುತ್ತಿದ್ದಳು. ಆಮೇಲೆ, “ಮಗಳು ಬರಲಿಲ್ಲ. ತಾಯೀನ ಎದ್ದು ಮಗಳ ಮನಿಗಿ ಹೋದಳು” ಎಂದಳು.

“ತಾಯಿ ಯಾಕ ಹೋಗಬೇಕು? ತಪ್ಪು ಮಾಡಿದಾಕಿ ಅಕಿ!”

“ಹೋಗಾಕ ತಪ್ಪು ಒಪ್ಪು ಯಾಕ ಬೇಕ ಬಸಮ್ಮ? ಕಾಲಿದ್ದರ ಸಾಕು.”

“ಬಸ್ಸೂ ಬೇಕ್ರಿ ಅವ್ವಾರ, ನಮ್ಮನ್ನ ಮರೀಬ್ಯಾಡ್ರಿ” ಎಂದ ಹುಸೇನಸಾಬ. ಬಸ್ಸೆಲ್ಲ ನಕ್ಕಿತು. ಬಸಮ್ಮ ನಗಲಿಲ್ಲ.

ಹಾಗೆಯೇ ಬಿಟ್ಟಿದ್ದರೆ ಆ ಮಾತು ಒಳಗೊಳಗೇ ಕೆಲಸ ಮಾಡುತ್ತಿತ್ತೇನೋ. ಆದರೆ ಕಾಲುವೆಗೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತಕ್ಕೆ ತಿರುಗುತ್ತಿದ್ದ ಕಾಲವದು. ನಾಟಿಗೆ ಹೋದ ಹೆಣ್ಣಾಳುಗಳನ್ನು ಮನೆ ಮುಟ್ಟಿಸುವ ಟೆಂಪೊಗಳು ಅದೇ ವಾರದಿಂದ ಸಂಜೆ ಆರರ ಮೇಲೆ ಶಹಾಪುರದಿಂದ ನಮ್ಮೂರಿಗೂ ಬರತೊಡಗಿದವು. ಆಟ ಮುಗಿಸಿಯೇ ಮನೆ ಮುಟ್ಟಬಹುದಾಯಿತು. ಬಸಮ್ಮ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟಳು: “ನಾ ಗುರುವಾರ ಹೋಗಿ ಕಣ್ಣಾರೆ ನೋಡತೀನಿ. ತಾಯಿ ಹೋಗಿದ್ದು ಖರೇ ಇದ್ದರ ನಾನೂ ವಡಗೇರಾಕ್ಕ ಹೋಗತೀನಿ. ಸುಳ್ಳಿದ್ದರ ಇಲ್ಲ.”

ಬುಧವಾರ ಶಾಲೆಯ ಕೆಲಸಕ್ಕೆಂದು ಶಹಾಪುರಕ್ಕೆ ಹೋದವನು ನಾನು ಬೇಗ ಕೆಲಸ ತೀರಿಸಿ ಸಿನಿಮಾ ನೋಡಿ ಬಂದೆ. ತಾಯಿ ಹೋಗಿರಲಿಲ್ಲ. ಕಾದುಕೊಂಡೇ ಸತ್ತಳು, ಮಗಳು ಬಂದದ್ದು ಹೆಣಕ್ಕೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವನಿಗೆ ಹೇಳಿದೆ. ಅವಳ ಕೈ ನಿಂತಿತು.

“ತಾಯಿ ಹೋದದ್ದು ಖರೇ, ನಾನ ನೋಡೀನಿ, ನೀ ನಾಳಿ ಹೋಗಬ್ಯಾಡ ಅಂತ ಬಸಮ್ಮಗ ಹೇಳಲಾ ದೊಡ್ಡವ್ವ?”

“ಬ್ಯಾಡಪ್ಪಾ ಮಾಸ್ತರ. ಒಂದು ಸುಳ್ಳು ಹೇಳೀನಿ, ಅದಕ್ಕ ನೀ ಇನ್ನೊಂದು ಕೂಡಸಬ್ಯಾಡ. ಬೈದರ ಬೈಸಿಕೋತೀನಿ” ಎಂದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಬೈಗುಳಕ್ಕೆ ಅವಳು ಹೆದರುವವಳಲ್ಲವೆಂದು ನಾನು ಬಲ್ಲೆ. ಅವಳ ಭಯ ಬೇರೆಯದಾಗಿತ್ತು: ನಾಲ್ಕು ವರ್ಷ ಮುಚ್ಚಿದ್ದ ಬಾಗಿಲು ತನ್ನ ಮಾತಿನಿಂದ ಬೆರಳಗಲ ತೆರೆದು, ಅದೇ ಮಾತಿನಿಂದ ಮತ್ತೆಂದೂ ತೆರೆಯದಂತೆ ಬಡಿದುಕೊಂಡೀತೆಂಬುದು. ಅವಳು ಕೊನೆ ಕಟ್ಟಿದ ಕತೆಗಳಲ್ಲಿ ಯಾವುದಕ್ಕೂ ಹೀಗೆ ಒಂದು ಜೀವ ಜೋತುಬಿದ್ದಿರಲಿಲ್ಲ.

ಗುರುವಾರ ಸಂಜೆ ಟೆಂಪೊ ಬಂದಿತು. ಬಸಮ್ಮ ಮನೆಗೆ ಹೋಗದೆ ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಕಣ್ಣುಗಳು ಅತ್ತು ಕೆಂಪಾಗಿದ್ದವು.

“ಸುಳ್ಳ ಹೇಳಿದಿ ಶರಣಕ್ಕಾ.”

“ಹೇಳೀನವ್ವ” ಎಂದಳು ದೊಡ್ಡವ್ವ, ತಲೆಯೆತ್ತದೆ.

ಬಸಮ್ಮ ಕಟ್ಟೆಯ ಮೇಲೆ ಧೊಪ್ಪನೆ ಕೂತು ಒಂದೇ ಉಸಿರಿಗೆ ಆಡತೊಡಗಿದಳು: “ಎಂಥಾ ಮೊಂಡ ಹೆಂಗಸ ಅಕಿ! ಮಗಳ ಊರಿಗಿ ದಿನಾ ರೈಲು ಹೋಗತಿತ್ತು, ನಾನ ನೋಡೀನಿ, ಕಿಡಕ್ಯಾಗಿಂದ ಕಾಣತಿತ್ತು. ಹತ್ತಲಿಲ್ಲ ನೋಡು. ಹೆಣದ ಮ್ಯಾಲ ಬಿದ್ದು ಮಗಳು ಅತ್ತರ ಅಕಿಗಿ ಕೇಳತೈತೇನು? ನನಗ ಎಷ್ಟು ಸಿಟ್ಟು ಬಂತಂದ್ರ, ಎದ್ದು ಪರದಿಗಿ ಚಪ್ಪಲಿ ಒಗೀಬೇಕಂತ ಮಾಡಿದ್ದೆ.” ಕೊರಳ ಬೆವರು ಒರೆಸಿಕೊಂಡು, “ಒಂದ ಚರಿಗಿ ನೀರು ಕೊಡು” ಎಂದಳು.

ನೀರು ಕುಡಿದು ಎದ್ದು ಹೋದಳು. ವಡಗೇರಾದ ಮಾತನ್ನು ಅವಳು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬಸಮ್ಮ ಒಬ್ಬಳೇ ಹೋದಳು. ಎಂಟು ದಿನ ಅವಳ ಮನೆಗೆ ಬೀಗವಿತ್ತು. ಅವಳ ಎಮ್ಮೆಯ ಹಾಲನ್ನು ದೊಡ್ಡವ್ವನೇ ಕರೆದಳು. ಒಂಬತ್ತನೆಯ ದಿನ ಬಸ್ಸಿನಿಂದ ಮೊದಲು ಮಾದೇವಿ ಇಳಿದಳು, ಆಮೇಲೆ ತಲೆಯ ಮೇಲೆ ಅತ್ತೆಯ ಗಂಟು ಹೊತ್ತ ಅಳಿಯ, ಕಡೆಗೆ ಮೊಮ್ಮಗನನ್ನು ಬಗಲಲ್ಲಿ ಇಟ್ಟುಕೊಂಡ ಬಸಮ್ಮ. ಕೂಸು ಅವಳ ಮೂಗುತಿ ಹಿಡಿದು ಜಗ್ಗುತ್ತಿತ್ತು.