ಬಿಸಿ ತಾಕದ ಕೈ

ತೊಂಬತ್ತರ ದಶಕದಲ್ಲಿ ನಾನು ನಾಗಮಂಗಲ ತಾಲ್ಲೂಕಿನಲ್ಲಿ ಕುಷ್ಠರೋಗ ಪತ್ತೆಹಚ್ಚುವ ಕೆಲಸದಲ್ಲಿದ್ದೆ. ಒಂದು ಸೈಕಲ್ಲು, ಒಂದು ಚೀಲ. ಚೀಲದಲ್ಲಿ ಹತ್ತಿ, ಪೆನ್ನು, ಮಾತ್ರೆಯ ಪಟ್ಟಿಗಳು. ಮನೆಮನೆಗೆ ಹೋಗಿ ಮೈಮೇಲೆ ಮಾಸಲು ಮಚ್ಚೆ ಇದೆಯೇ ಎಂದು ನೋಡಬೇಕು. ಕಂಡರೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ತಾಕಿಸಿ, ಮುಟ್ಟಿದ ಕಡೆ ಬೆರಳಿಡಲು ಹೇಳಬೇಕು. ನನ್ನ ಸೈಕಲ್ಲು ಕಂಡರೆ ಜನ ಹಿತ್ತಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ನಾಲ್ಕೈದು ವರ್ಷದಲ್ಲಿ ನನಗೂ ಸಾಕಾಗಿತ್ತು. ಬಸ್ಸಿನಲ್ಲಿ ಮುಂದೆ ಕೂತವರ ಕಿವಿ ಈ ರೋಗದವರ ಹಾಗೆ ದಪ್ಪಗಿದೆಯೇ ಎಂದು ನೋಡುವುದೇ ಚಟವಾಗಿ, ಮುಖ ನೋಡಿ ಮಾತಾಡುವುದು ಮರೆತಂತಾಗಿತ್ತು.

ಬಿಂಡಿಗನವಿಲೆ ಕಡೆಯ ಒಂದು ಹಳ್ಳಿಯಲ್ಲಿ ಒಂದು ದಿನ ಮದುವೆ ಮನೆಯವರು ಬೀಗರೂಟಕ್ಕೆ ಕರೆದರು. ಚಪ್ಪರದಲ್ಲಿ ನಾಲ್ಕೈದು ಹೆಂಗಸರು ಮುದ್ದೆ ಕಟ್ಟುತ್ತಿದ್ದರು. ಎಲ್ಲರೂ ಪ್ರತಿ ಸಲವೂ ತಣ್ಣೀರಿಗೆ ಕೈ ಅದ್ದಿ, ಉಸ್ ಎಂದು ಊದಿಕೊಳ್ಳುತ್ತಿದ್ದರೆ, ನಲವತ್ತರ ಆಸುಪಾಸಿನ ಒಬ್ಬಳು ಮಾತ್ರ ಹಬೆಯಾಡುವ ಹಿಟ್ಟನ್ನು ಬರಿಗೈಯಲ್ಲಿ ಬಾಚಿ, ಅವಸರವೇ ಇಲ್ಲದೆ ಉಂಡೆ ಮಾಡಿಡುತ್ತಿದ್ದಳು.

ಪಕ್ಕದಲ್ಲಿ ಉಣ್ಣುತ್ತಿದ್ದವನು ನನ್ನ ಕಣ್ಣು ಹೋದ ಕಡೆ ನೋಡಿ ಹೇಳಿದ: “ನಮ್ ಎಂಡ್ರು, ಸೋಮಿ. ಅವ್ಳ ಕೈಗೆ ಬೆಂಕಿ ಸೋಕಾಕಿಲ್ಲ. ಸುತ್ತಮುತ್ತ ಯಾರ ಮನೇಲಿ ಊಟ ಆದ್ರೂ ಅವ್ಳೇ ಬೇಕು.”

ಅವಳು ಬಡಿಸಲು ಬಂದಾಗ ಕೈ ನೋಡಿದೆ. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳು, ಒಂದು ಒಡೆದ ಬೊಬ್ಬೆ. ಕಿರುಬೆರಳು ಒಳಕ್ಕೆ ಬಾಗಿತ್ತು. ನಾನು ಹುಡುಕುತ್ತಿದ್ದ ರೋಗವೇ ಎಂದು ಗೊತ್ತಾಯಿತು. ಆದರೂ ಕೈತೊಳೆದು ಸೈಕಲ್ಲು ಹತ್ತಿದೆ. ಇನ್ನೊಂದು ಮನೆಯವರ ಅಳು ಕೇಳುವ ತ್ರಾಣ ಅವತ್ತು ನನಗಿರಲಿಲ್ಲ.

ಮನಸ್ಸು ತಡೆಯದೆ ಮುಂದಿನ ವಾರ ಅವಳ ಮನೆಗೆ ಹೋದೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಗಲಿಯ ಮೇಲೆ ಪರೀಕ್ಷೆ ಶುರುಮಾಡಿದೆ. “ಅಕ್ಕಾ, ಕಣ್ಣು ಮುಚ್ಕೊಳ್ಳಿ. ಮುಟ್ಟಿದಾಗ ಹೂಂ ಅನ್ನಿ.”

ಹತ್ತಿ ಮುಟ್ಟಿಸಿದೆ. “ಹೂಂ” ಎಂದಳು. ಪೆನ್ನಿನ ತುದಿ ಒತ್ತಿದೆ. “ಹೂಂ.” ಆಮೇಲೆ ಮುಟ್ಟದೆ ಸುಮ್ಮನೆ ಕೂತೆ. ಅವಳು ಸ್ವಲ್ಪ ಹೊತ್ತು ಕಾದು, ಮತ್ತೆ “ಹೂಂ” ಎಂದಳು. ಗಂಡ ನನ್ನ ಮುಖ ನೋಡಿದ. ಬೆರಳನ್ನು ಮೇಲಕ್ಕೆ, ಕೆಳಕ್ಕೆ ಬಾಗಿಸಿ ಯಾವ ಕಡೆ ಎಂದು ಕೇಳಿದರೆ ಮಾತ್ರ ತಪ್ಪಿಲ್ಲದೆ ಹೇಳಿದಳು. ಬೆರಳು ಎಲ್ಲಿದೆ ಎಂಬುದು ತಿಳಿಯುತ್ತಿತ್ತು, ಬೆರಳಿಗೆ ಏನು ತಾಕಿದೆ ಎಂಬುದು ತಿಳಿಯುತ್ತಿರಲಿಲ್ಲ. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪಗಿತ್ತು. ಅಂಗಾಲಿಗೂ ಅರಿವಿರಲಿಲ್ಲ.

“ಅಕ್ಕಾ, ಬಿಸಿ ತಾಕೋದು ಚರ್ಮಕ್ಕೆ. ಆದ್ರೆ ಅದು ಬಿಸಿ ಅಂತ ಗೊತ್ತಾಗೋದು ತಲೆಗೆ ಹೋದ್ಮೇಲೆ. ತಗೊಂಡೋಗೋದು ನರ. ಆ ನರ ಕೆಟ್ಟಿದೆ. ಕೈ ಸುಡ್ತಾನೇ ಇದೆ, ನಿಮಗೆ ಸುದ್ದಿ ಬರ್ತಾ ಇಲ್ಲ.”

“ದೇವ್ರು ಕೊಟ್ಟ ಕೈ ಅಂತಾರಲ್ಲ ಎಲ್ರೂವೆ,” ಎಂದಳು.

ರೋಗದ ಹೆಸರು ಹೇಳಿದೆ. ಅವಳು ಅಳಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಊರಿಗೆ ಯೋಳ್ಬೇಡಿ ಸೋಮಿ” ಎಂದ ಗಂಡ. ಹೇಳುವುದಿಲ್ಲ, ಮಾತ್ರೆ ಶುರುವಾದರೆ ಇದು ಯಾರಿಗೂ ಅಂಟುವುದಿಲ್ಲ ಎಂದೆ.

ಎರಡು ವರ್ಷ ತಿಂಗಳು ತಿಂಗಳು ಹೋದೆ. ನನ್ನೆದುರಿಗೇ ನುಂಗಬೇಕಾದ ಮಾತ್ರೆಯನ್ನು ಗೋಡೆಯ ಕಡೆ ತಿರುಗಿ ನುಂಗುತ್ತಿದ್ದಳು. ಮಾತ್ರೆಯಿಂದ ಮೈ ಕಪ್ಪಾಯಿತು. ಕೈ ಇನ್ನೂ ಸುಡದಿರಲೆಂದು ನಾನು ಹೇಳಿದಂತೆ ಬೇರೆಯವರ ಮನೆಯ ಒಲೆ ಬಿಟ್ಟಳು. ಕಾರಣ ಗೊತ್ತಿಲ್ಲದ ಊರು ಅವಳಿಗೆ ಜಂಬ ಬಂದಿದೆ ಎಂದಿತು. ಒಮ್ಮೆ ನೇರವಾಗಿ ಕೇಳಿದಳು: “ನೀವ್ ಬರೋಗಂಟ ನಾನು ಚೆನ್ನಾಗೇ ಇದ್ನಲ್ಲ?” ನೀರು ಕೇಳಿ ಕುಡಿದು ಬಂದೆ.

ಮಾತ್ರೆ ಮುಗಿದ ದಿನ ಮತ್ತೆ ಪರೀಕ್ಷೆ ಮಾಡಿದೆ. ಮುಂಗೈಯ ಒಂದು ಕಡೆ ಹತ್ತಿ ತಾಕಿದ್ದು ತಿಳಿಯಿತು. ಬೆರಳುಗಳು ಹಾಗೆಯೇ ಇದ್ದವು.

“ಕಾಯ್ಲೆ ಓಯ್ತು ಅಂತೀರಿ. ಕೈ ಯಾಕ್ ಬರ್ನಿಲ್ಲ?”

“ರೋಗ ಹೋಗಿದೆ ಅಕ್ಕಾ. ಸತ್ತ ನರ ಮತ್ತೆ ಹುಟ್ಟಲ್ಲ. ಇನ್ಮೇಲೆ ಕೈ ಮಾಡ್ತಿದ್ದ ಕೆಲಸ ಕಣ್ಣು ಮಾಡ್ಬೇಕು. ದಿನಾ ಬೆಳಕಿರುವಾಗ್ಲೇ ಕೈಕಾಲು ನೋಡ್ಕೊಳ್ಳಿ.”

“ಅಷ್ಟೇನಾ?” ಎಂದು ಎದ್ದು ಒಳಗೆ ಹೋದಳು.

ಆಮೇಲೆ ನನಗೆ ಪಾಂಡವಪುರಕ್ಕೆ ವರ್ಗವಾಯಿತು. ಹೊರಡುವ ಮೊದಲು ಹೇಳಿಹೋಗೋಣವೆಂದು ಒಂದು ಸಂಜೆ ಹೋದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಗಂಡ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ಜಾಲಿಮುಳ್ಳು ತೆಗೆಯುತ್ತಿದ್ದ. ಮುಳ್ಳು ಆಳಕ್ಕೆ ಇಳಿದಿತ್ತು. ಅವನೇ ಹಲ್ಲು ಕಚ್ಚಿ ಮುಖ ಕಿವುಚುತ್ತಿದ್ದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ದಿನಾ ಇದೇ ಕೆಲ್ಸ ಆಗೋಯ್ತು ಸೋಮಿ,” ಎಂದ ತಲೆಯೆತ್ತದೆ. “ಇವ್ಳಿಗೆ ಗೊತ್ತಾಗಾಕಿಲ್ಲ, ನಂಗೆ ಬುಡಾಕಾಗಾಕಿಲ್ಲ.”

“ಕೂತ್ಕೊಳಿ,” ಎಂದಳು ಅವಳು. ಆ ಮನೆಯಲ್ಲಿ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಕೂತೆ. ಅವನು ಮುಳ್ಳು ತೆಗೆದು, ಗಾಯ ತೊಳೆದು, ಇನ್ನೊಂದು ಪಾದವನ್ನು ತೊಡೆಯ ಮೇಲೆ ಎಳೆದುಕೊಂಡ.