ಒಣ ತೆಂಗಿನ ಮರಕುಟಿಗ

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಹೇಳಿದರೆ ಮನೆಯವರ ಮುಂದೆ ನನ್ನ ಮಾತಿನ ಬೆಲೆ ಹೋಗುತ್ತದೆಂಬ ಭಯ. ಈಗ ವಯಸ್ಸಾಯಿತು.

ಫೋಟೊ ತೆಗೆಯುವ ಮೊದಲು ಅವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದ. ಗಾರೆ ಕೆಲಸದವನು, ಸಿಮೆಂಟಿಗೆ ಬೆರಳ ತುದಿ ಒಡೆದು ಒಣಗಿ, ಮುಟ್ಟಿದ್ದು ಫೋನಿಗೆ ತಿಳಿಯುತ್ತಿರಲಿಲ್ಲ. "ನನ್ನ ಫೋನಿಗೆ ಎಂಜಲ ಬೇಕ್ರಿ ಮಾಲಕರ," ಎಂದು ನಗುತ್ತಿದ್ದ. ಗದಗದ ಕಡೆಯವನು. ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಬಾಡಿಗೆ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದ.

ಹಿತ್ತಲಲ್ಲಿ ಸುಳಿ ಸತ್ತ ತೆಂಗಿನ ಮರವೊಂದಿತ್ತು. ಮಾಗಿ ಚಳಿಯ ಬೆಳಗ್ಗೆ ಅದಕ್ಕೆ ಮರಕುಟಿಗ ಬರುತ್ತಿತ್ತು. ಕೆಂಪು ಜುಟ್ಟು, ಬೆನ್ನೆಲ್ಲ ಅರಿಶಿನ. ಕೆಲಸಕ್ಕೆ ಹೊರಡುವ ಮೊದಲು ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ. ಹಕ್ಕಿ ಮರದ ಆ ಮಗ್ಗುಲಿಗೆ ಸರಿದರೆ, ಮತ್ತೆ ಈ ಕಡೆ ಬರುವವರೆಗೆ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದ. ಸಂಜೆ ಬಂದು ನನಗೆ ತೋರಿಸುತ್ತಿದ್ದ. ಹೆಚ್ಚಿನವು ಮಸುಕು. ಒಂದರಲ್ಲಿ ಬಾಲ ಮಾತ್ರ. "ಮುಖಾನ ಕೊಡಂಗಿಲ್ರಿ. ಭಾಳ ಸೊಕ್ಕಿನ ಹಕ್ಕಿ."

ಒಂದು ಸಂಜೆ ನಾನೇ ಹೇಳಿದೆ: "ಅಲ್ಲಿಂದ ಏನ್ ಬತ್ತದಯ್ಯ? ಕಾಂಪೌಂಡ್ ಹತ್ತಿ ತೆಗಿ. ಹತ್ರದಿಂದ ಒಂದ್ ನೋಡಾನ."

ಕಾಂಪೌಂಡಿನ ಆಚೆ ನನ್ನ ತಮ್ಮನ ಮನೆಯ ಬಚ್ಚಲ ಕಿಟಕಿ. ಆಗ ಅದು ನೆನಪಾಗಲಿಲ್ಲ.

ಮರುದಿನ ಬೆಳಗ್ಗೆ ತಮ್ಮನ ಹೆಂಡತಿಯ ಕೂಗಿಗೆ ಬೀದಿಯೇ ಸೇರಿತು. "ಎಂಗಸ್ರು ಸ್ನಾನ ಮಾಡಾದ್ ತೆಗೀತಾವ್ನೆ, ಕಳ್ ನನ್ಮಗ!"

ಅವನು ಫೋನು ಚಾಚಿದ. "ಹಕ್ಕಿ ಐತ್ರಿ ಅಕ್ಕಾರ. ನೀವ ನೋಡ್ರಿ."

"ಮಿಕ್ಕಿದ್ದು ಅಳಿಸಿರ್ತೀಯ ಬಿಡು!"

ತಮ್ಮ ಅವನ ಕೊರಳಪಟ್ಟಿ ಹಿಡಿದ. ಅವನು ನನ್ನ ಕಡೆ ತಿರುಗಿದ. "ಮಾಲಕರ, ಕಾಂಪೌಂಡ್ ಹತ್ತು ಅಂದಿದ್ರಲ್ರೀ ನೀವ?"

ಎಲ್ಲರೂ ನನ್ನನ್ನೇ ನೋಡಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ತಮ್ಮನ ಹೆಂಡತಿಯ ಬಚ್ಚಲ ಕಡೆಗೆ ಪರಗಂಡಸನ್ನು ಹತ್ತಿಸಿದ ಭಾವ ಎನ್ನಿಸಿಕೊಳ್ಳಬೇಕಿತ್ತು, ಅಷ್ಟೇ.

"ನಾನ್ಯಾವಾಗ ಅಂದ್ನೋ?" ಎಂದೆ.

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಸಂಜೆಯೊಳಗೆ ಕೋಣೆ ಖಾಲಿ ಮಾಡು ಎಂದ ನನ್ನ ತಮ್ಮ. ನಾನು ತಲೆಯಾಡಿಸಿದೆ.

ಅವನು ಆಟೊ ತರಲು ಹೋದಾಗ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. "ಜಗಳಕ್ಕ ಬಂದಿಲ್ರಿ ಮಾಲಕರ. ನನಗೊಬ್ಬಾಕಿಗೆ ಹೇಳ್ರಿ. ನಮ್ಮ ಮನ್ಯಾರು ಖರೇನ ಹಕ್ಕೀನ ತಗೀತಿದ್ರೇನ್ರಿ?"

ಒಳಗೆ ತಮ್ಮ ಕಾಫಿ ಕುಡಿಯುತ್ತ ಕೂತಿದ್ದ.

"ನಂಗೇನ್ ಗೊತ್ತಮ್ಮ," ಎಂದೆ.

ಆಟೊದಲ್ಲಿ ಗಂಡ ಹೆಂಡಿರ ನಡುವೆ ಹಾಸಿಗೆಯ ಸುರುಳಿ ಇತ್ತು. ಅವಳು ಆಚೆಗೆ ಮುಖ ಮಾಡಿ ಕೂತಿದ್ದಳು.

ಚಂದಾಪುರದ ಕಡೆ ಇದ್ದಾರೆಂದು ಆಮೇಲೆ ಯಾರೋ ಹೇಳಿದರು. ಬಸ್ಸು ಹತ್ತಿದರೆ ಹೋಗಿ ಬರಬಹುದು. ನಾನು ಹೋಗಲಿಲ್ಲ. ತಾನು ತಪ್ಪು ಮಾಡಿಲ್ಲವೆಂಬುದು ಅವನಿಗಾದರೂ ಗೊತ್ತು. ಗೊತ್ತಿಲ್ಲದೆ ಅವನ ಜೊತೆ ಬಾಳುತ್ತಿರುವವಳು ಅವನ ಹೆಂಡತಿ. ನಾನು ಕ್ಷಮೆ ಕೇಳದೇ ಉಳಿದದ್ದು ಅವಳನ್ನು.