ಬಸ್ಸು ಹತ್ತದೆ ಬಹುಮಾನ ಗೆದ್ದವಳು

ಆ ರಸ್ತೆಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಮ್ಮ ಅನ್ನುತ್ತಿದ್ದರು. ಬಟ್ಟೆ ಹೊಲಿಯುತ್ತಾಳೆ ಎಂಬುದು ಅರ್ಧ ಕಾರಣ, ಉಳಿದರ್ಧ ಅವಳ ನಾಲಿಗೆ. ಹೊಟ್ಟೆ ಮುಂದೆ ಬಂದ ಗಂಡಸು, "ಹೋದ ಸಲದ ಅಳತೇನೇ ಇರಲಿ," ಅಂದರೆ, "ಇರಲಿ, ಪ್ಯಾಂಟು ನಿಮ್ಮ ಮಗ ಹಾಕ್ಕೊಳ್ತಾನೆ," ಎಂದು ಮುಖದ ಮೇಲೇ ಹೇಳುವವಳು. ಆದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಅವಳ ಹೊಲಿಗೆ ಬಿಡುತ್ತಿರಲಿಲ್ಲ, ಅವಳ ಅಕ್ಕ ಹಾಕಿದ ಗುಂಡಿ ಉದುರುತ್ತಿರಲಿಲ್ಲ.

ಅಕ್ಕ ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ, ಅಂಗಡಿಯ ನೇರ ಎದುರು ಮನೆಯಲ್ಲಿ. ತಾಯಿ ತೀರಿಕೊಂಡಾಗ ಕತ್ತರಿಯಮ್ಮನಿಗೆ ಇನ್ನೂ ಹಾಲುಹಲ್ಲು. ಸಾಕಿದ್ದು, ಸೂಜಿ ಹಿಡಿಸಿದ್ದು, ಮದುವೆ ಮಾಡಿಸಿದ್ದು, ಗಂಡ ಸತ್ತಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಒಂದೇ ಮನೆಯಲ್ಲಿ ಇದ್ದು ನೋಡಿದ್ದೂ ಆಗಿತ್ತು. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಘನವಾದ ವಿಷಯಕ್ಕೆ ವಾರದೊಳಗೇ ಮಾತು ಬಿಟ್ಟಿದ್ದರು. ರಸ್ತೆಯ ಆಚೆಗೊಬ್ಬಳು ಈಚೆಗೊಬ್ಬಳು ಆದ ಮೇಲೆಯೇ ಇಬ್ಬರಿಗೂ ನೆಮ್ಮದಿ. ಈಗ ಅಕ್ಕನ ಮಂಡಿ ಎರಡೂ ಸೋತಿದ್ದವು, ಹೊಸ್ತಿಲು ದಾಟುವುದೂ ಕಷ್ಟ. ಹಾಗಾಗಿ ಬೆಳಿಗ್ಗೆ ಸಂಜೆ ತಂಗಿಯೇ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಗುಂಡಿ ಕಾಜಾ ಆಗಬೇಕಾದ ಬಟ್ಟೆಯ ಗಂಟು ಹಿಡಿದು ಆಚೆ ಹೋಗುತ್ತಿದ್ದಳು. ಅಕ್ಕ ಕೈಯಲ್ಲಿ ಸೂಜಿ ಇಲ್ಲದೆ ಕೂರುವವಳಲ್ಲ. ತಂಗಿ ದಿನದ ಸುದ್ದಿಯೆಲ್ಲ ಅಕ್ಕನಿಗೆ ಒಪ್ಪಿಸದೆ ಉಣ್ಣುವವಳಲ್ಲ.

ಇಂಥ ರಸ್ತೆಯ ನಡುವೆ ತ್ವರಿತ ಬಸ್ಸಿನ ಯೋಜನೆ ಬಂದು ಬಿತ್ತು. ಹೆಸರಿನಲ್ಲಿ ಮಾತ್ರ ತ್ವರಿತ. ಅಗೆಯುವುದಕ್ಕೆ ವರ್ಷಗಟ್ಟಲೆ, ಅಗೆದದ್ದನ್ನು ಮುಚ್ಚುವುದಕ್ಕೆ ವರ್ಷಗಟ್ಟಲೆ. ಮುಚ್ಚಿದ ಮೇಲೆ ನೀರಿನ ಪೈಪು ಹಾಕುವುದೇ ಮರೆತುಹೋಯಿತೆಂದು ಯಾರಿಗೋ ನೆನಪಾಗಿ ಮತ್ತೆ ಅಗೆದರು. ಧೂಳಿನ ಕಾಟಕ್ಕೆ ಕತ್ತರಿಯಮ್ಮ ಬಿಳಿ ಬಟ್ಟೆ ಹೊಲಿಯುವುದನ್ನೇ ನಿಲ್ಲಿಸಿದಳು. ಕೊನೆಗೂ ಕೆಲಸ ಮುಗಿದಾಗ ರಸ್ತೆಯ ಮಧ್ಯೆ ಬಸ್ಸಿಗೆಂದೇ ಬೇರೆ ದಾರಿ, ಆ ದಾರಿಯ ಎರಡೂ ಬದಿಗೆ ಆಳೆತ್ತರದ ಕಬ್ಬಿಣದ ಬೇಲಿ.

"ನಾವು ಆಚೆ ಹೋಗೋದು ಹೇಗೆ?" ಎಂದು ಅವಳು ಹಳದಿ ಟೋಪಿಯ ಎಂಜಿನಿಯರನ್ನು ಕೇಳಿದಳು.

"ಮೇಲ್ಸೇತುವೆ ಇದೆಯಲ್ಲಮ್ಮ," ಎಂದು ಅವನು ಕೈ ತೋರಿಸಿದ.

ಅವನು ತೋರಿಸಿದ ಕಡೆ ಎಷ್ಟು ಇಣುಕಿದರೂ ಸೇತುವೆ ಕಾಣಿಸಲಿಲ್ಲ. ಅಷ್ಟು ದೂರ. ಅದಕ್ಕೊಂದು ಲಿಫ್ಟ್ ಕೂಡ ಇತ್ತು. ಉದ್ಘಾಟನೆಯ ದಿನ ಮಂತ್ರಿಗಳನ್ನು ಹತ್ತಿಸಿ ಇಳಿಸಿದ್ದೇ ಅದರ ಜನ್ಮಕ್ಕೆ ಸಾಕಾಗಿ, ಅಂದಿನಿಂದ ಬೀಗ ಹಾಕಿಸಿಕೊಂಡು ಕೂತಿತ್ತು.

ಪುಣ್ಯಕ್ಕೆ ಒಂದು ಬಸ್ ನಿಲ್ದಾಣ ಅವಳ ಅಂಗಡಿಯ ಎದುರಿಗೇ, ರಸ್ತೆಯ ನಡುವೆ ಎದ್ದಿತು. ಅದಕ್ಕೆ ಈಚೆಗೊಂದು ಬಾಗಿಲು, ಆಚೆಗೊಂದು ಬಾಗಿಲು. ಅಲ್ಲಿ ಮಾತ್ರ ಬೇಲಿಯಲ್ಲಿ ಸಂದು ಬಿಟ್ಟಿದ್ದರು. ಈಚೆ ಬಾಗಿಲಿಗೆ ಕಾರ್ಡು ಮುಟ್ಟಿಸಿ ಒಳಹೊಕ್ಕು, ಆಚೆ ಬಾಗಿಲಿಗೆ ಇನ್ನೊಮ್ಮೆ ಮುಟ್ಟಿಸಿ ಹೊರಬಿದ್ದರೆ ಅಕ್ಕನ ಮನೆ. ಒಂದು ಟಿಕೆಟ್ಟಿನ ದುಡ್ಡು ಹೋಗುತ್ತಿತ್ತು, ನಿಜ. "ಒಡಹುಟ್ಟಿದವಳ ಮುಖ ನೋಡೋಕೂ ಇವರಿಗೆ ಸುಂಕ ಕಟ್ಟಬೇಕು," ಎಂದು ಬೈದುಕೊಂಡೇ ಅವಳು ಕಾರ್ಡು ಮಾಡಿಸಿದಳು.

ಅವಳನ್ನು ನೋಡಿ ಕ್ಷೌರದವನು ಮಾಡಿಸಿದ, ಪುಸ್ತಕದ ಅಂಗಡಿಯವನು ಮಾಡಿಸಿದ, ನೋಡನೋಡುತ್ತ ಬೀದಿಗೆ ಬೀದಿಯೇ ಕಾರ್ಡು ಹಿಡಿಯಿತು. ಬೆಳಗಿನ ಹೊತ್ತು ನಿಲ್ದಾಣದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಸ್ಸು ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಯಾರೂ ಹತ್ತುತ್ತಿರಲಿಲ್ಲ, ಬಾಗಿಲು ಮುಚ್ಚಿಕೊಂಡು ಹೋಗುತ್ತಿತ್ತು. ಹತ್ತಿ ಎಲ್ಲಿಗೆ ಹೋಗಬೇಕು? ಆ ದಾರಿಯ ಒಂದು ತುದಿಯಲ್ಲಿ ಬಸ್ ಡಿಪೋ, ಇನ್ನೊಂದು ತುದಿಯಲ್ಲಿ ಮುಂದೊಂದು ದಿನ ದೊಡ್ಡ ಮಾರುಕಟ್ಟೆ ಬರಲಿದೆ ಎಂಬ ಬೋರ್ಡು ಹೊತ್ತ ಬಯಲು.

ಕಚೇರಿಯಲ್ಲಿ ಕೂತವರಿಗೆ ಇದೇನೂ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಕಾರ್ಡಿನ ಲೆಕ್ಕ. ಇಡೀ ಮಾರ್ಗದಲ್ಲಿ ಅತಿ ಹೆಚ್ಚು ಪ್ರಯಾಣಿಕರು ಈ ನಿಲ್ದಾಣದಲ್ಲೇ! ಆನಂದವೋ ಆನಂದ. ಬೀದಿಯ ಜನ ತ್ವರಿತ ಬಸ್ಸನ್ನು ಎದೆಗಪ್ಪಿಕೊಂಡಿದ್ದಾರೆಂದು ಪತ್ರಿಕೆಯಲ್ಲಿ ಹಾಕಿಸಿಕೊಂಡರು. ಒಬ್ಬ ಮಹಾರಾಯನಿಗಾದರೂ ಬಂದು ಅರ್ಧ ಗಂಟೆ ನಿಂತು ನೋಡೋಣ ಅನ್ನಿಸಿದ್ದರೆ ಕೇಳಿ. ಅದರ ಬದಲು, ವಾರ್ಷಿಕೋತ್ಸವಕ್ಕೆ ಉತ್ತಮ ಪ್ರಯಾಣಿಕರೊಬ್ಬರನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ಕಂಪ್ಯೂಟರು ಹುಡುಕಿ ಕೊಟ್ಟದ್ದು ಕತ್ತರಿಯಮ್ಮನನ್ನು.

ಸುದ್ದಿ ಕೇಳಿ ಮೊದಲು ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೊಳೆಯಿತು: ವೇದಿಕೆ ಅಂದರೆ ಮೈಕು. ದೊಡ್ಡ ಸಾಹೇಬರನ್ನು ಎಲ್ಲರೆದುರೇ ಕೇಳಿಬಿಡಬಹುದು, ಬೇಲಿಯಲ್ಲಿ ಒಂದು ಸಂದು, ಸುಂಕವಿಲ್ಲದ ಒಂದು ದಾರಿ.

ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತ ಎಲ್ಲ ಕೇಳಿಸಿಕೊಂಡಳು. "ಕೊಟ್ಟಿದ್ದು ಇಸ್ಕೊಂಡು ಬಾಯಿ ಮುಚ್ಕೊಂಡು ಬಾ," ಅಂದಳು.

"ಯಾಕಕ್ಕಾ? ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಅವರಿಗೂ ಅರ್ಥ ಆಗುತ್ತೆ."

"ಅರ್ಥ ಆದ್ರೆ ಈಗಿರೋದನ್ನೂ ಕಿತ್ಕೋತಾರೆ ಕಣೇ. ಆ ನಾಲಿಗೆಗೆ ಒಂದು ದಿನ ರಜಾ ಕೊಡು."

ರಜಾ ಕೊಡಬೇಕೆಂದೇ ಅವಳು ಹೋದದ್ದು. ನಿಲ್ದಾಣದ ಪಕ್ಕದಲ್ಲೇ ಶಾಮಿಯಾನ, ಮುಂದಿನ ಸಾಲಿನಲ್ಲಿ ಬೀದಿಯವರೆಲ್ಲ. ದೊಡ್ಡ ಸಾಹೇಬರು ಫಲಕ ಹಿಡಿದು, ಕ್ಯಾಮೆರಾದ ಕಡೆ ಮುಖ ಮಾಡಿ, "ದಿನಕ್ಕೆ ಎಷ್ಟು ಸಲ ನಮ್ಮ ಬಸ್ಸಲ್ಲಿ ಓಡಾಡ್ತೀರಮ್ಮ?" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು. "ಎರಡು ಸಲ ಸ್ವಾಮಿ," ಅಂದಿದ್ದರೆ ಮುಗಿಯುತ್ತಿತ್ತು. ಉತ್ತರ ಬರುವ ಮೊದಲೇ ಹಲ್ಲು ಕಿರಿದು ನಿಂತ ಆ ಮುಖ ನೋಡಿದ್ದೇ ಅವಳಿಗೆ ಮೈ ಉರಿದುಹೋಯಿತು.

"ಒಂದು ಸಲಾನೂ ಇಲ್ಲ," ಅಂದಳು. "ನಿಮ್ಮ ಬಸ್ಸಿನ ಸೀಟು ಯಾವ ಬಣ್ಣ ಅಂತಾನೂ ನನಗೆ ಗೊತ್ತಿಲ್ಲ. ನೀವು ಬೇಲಿ ಹಾಕಿದ್ರಿ, ಆಚೆ ನಮ್ಮಕ್ಕ ಇದ್ದಾಳೆ, ಅದಕ್ಕೆ ಕಾರ್ಡು ಮುಟ್ಟಿಸ್ತೀನಿ. ಇಲ್ಲಿ ಕೂತವರೆಲ್ಲ ಅಷ್ಟೇ. ಬಸ್ಸು ಖಾಲಿ ಬರುತ್ತೆ, ಖಾಲಿ ಹೋಗುತ್ತೆ. ನಮಗೆ ಫಲಕ ಬೇಡ, ಬೇಲೀಲಿ ಒಂದು ಸಂದು ಬಿಡಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರ ಹಲ್ಲು ಕಿರಿದ ಹಾಗೇ ಉಳಿದಿತ್ತು, ಮುಚ್ಚುವುದು ಹೇಗೆಂದು ತಿಳಿಯದೆ. ಸಂಜೆ ಬೀದಿಯಲ್ಲಿ ಅವಳೇ ರಾಣಿ. "ಏನು ಝಾಡಿಸಿದೆ ಕತ್ತರಿಯಮ್ಮ!" ಎಂದು ಕ್ಷೌರದವನು ಅಂಗಡಿಯಿಂದ ಇಳಿದು ಬಂದು ಹೊಗಳಿದ. ಅಕ್ಕನ ಮುಂದೆ ಅವಳು ಸಾಹೇಬರ ಹಾಗೆ ನಿಂತು, ಸಾಹೇಬರ ಹಾಗೆ ಹಲ್ಲು ಕಿರಿದು ತೋರಿಸಿದಳು. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅಂತೂ ಹೇಳಿಬಿಟ್ಟೆ," ಅಂದು ಸೂಜಿಗೆ ದಾರ ಪೋಣಿಸತೊಡಗಿದಳು.

ಮುಂದಿನ ವಾರ ಇಬ್ಬರು ಬಂದು ನಿಲ್ದಾಣದ ಮೂಲೆಯಲ್ಲಿ ಕೂತು ನೋಡಿದರು. ಅಷ್ಟು ವರ್ಷಗಳಲ್ಲಿ ಆ ಕಚೇರಿಯಿಂದ ಯಾರಾದರೂ ಬಂದು ನೋಡಿದ್ದು ಅದೇ ಮೊದಲು. ನೋಡಿ ಬುದ್ಧಿ ಬಂತೆಂದುಕೊಳ್ಳಬೇಡಿ. ಬಸ್ಸು ಹತ್ತುವವರೇ ಇಲ್ಲದ ಮೇಲೆ ನಿಲ್ದಾಣ ಯಾಕೆ ಎಂದು ಅವರಿಗೆ ಅನ್ನಿಸಿತು, ಅಷ್ಟೆ. ಒಂದು ಬೆಳಿಗ್ಗೆ ವೆಲ್ಡಿಂಗ್‌ನವರು ಬಂದು ಎರಡೂ ಕಡೆಯ ಸಂದಿಗೆ ಸರಳು ಕೂರಿಸಿದರು. ಇಡೀ ಯೋಜನೆಯಲ್ಲಿ ತ್ವರಿತವಾಗಿ ಆದ ಕೆಲಸ ಅದೊಂದೇ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿಬಿಟ್ಟರು. ಹೋಗುವಾಗ ಸರಳಿಗೊಂದು ಬೋರ್ಡು ಕಟ್ಟಿದರು: ಸಾರ್ವಜನಿಕರ ಅಭಿಪ್ರಾಯದ ಮೇರೆಗೆ ಈ ನಿಲ್ದಾಣವನ್ನು ಮುಚ್ಚಲಾಗಿದೆ.

ಸಾರ್ವಜನಿಕರು ಅಂದರೆ ಯಾರೆಂದು ಬೀದಿಗೆಲ್ಲ ಗೊತ್ತಿತ್ತು. "ನಿನ್ನ ಬಾಯಿಂದ ನಮ್ಮ ದಾರೀನೂ ಹೋಯ್ತು," ಎಂದು ಅದೇ ಕ್ಷೌರದವನು ಮುಖ ತಿರುಗಿಸಿದ.

"ಅವತ್ತು ಹಲ್ಲು ಬಿಟ್ಟುಕೊಂಡು ನಕ್ಕೆಯಲ್ಲ!" ಎಂದು ಅವಳು ಅಂದಳೇನೋ ನಿಜ. ಆ ಮಾತಿನಲ್ಲಿ ಎಂದಿನ ಹರಿತವಿರಲಿಲ್ಲ.

ಡಬ್ಬಿ, ಗಂಟು ಎರಡನ್ನೂ ಹಿಡಿದು ಅವಳು ಮೇಲ್ಸೇತುವೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ ಎಂಜಿನಿಯರನ್ನೂ ಸಾಹೇಬರನ್ನೂ ಮಂತ್ರಿಗಳನ್ನೂ ಒಬ್ಬೊಬ್ಬರನ್ನಾಗಿ ಬೈದಳು. ಮೆಟ್ಟಿಲು ಹತ್ತುವಾಗ ಬೈಯಲು ಉಸಿರು ಸಾಲಲಿಲ್ಲ. ಅಕ್ಕನ ಮನೆ ತಲುಪಿದಾಗ ಡಬ್ಬಿಯ ಊಟ ತಣ್ಣಗಾಗಿತ್ತು, ಅವಳ ಸೀರೆ ಬೆವರಿಗೆ ಬೆನ್ನಿಗಂಟಿತ್ತು. ಬೈಸಿಕೊಳ್ಳಲು ತಯಾರಾಗಿ ನೆಲದ ಮೇಲೆ ಕೂತಳು.

"ನೀನು ಹೇಳಿದ್ದು ಸುಳ್ಳಾ?" ಎಂದು ಅಕ್ಕ ಕೇಳಿದಳು.

"ಅಲ್ಲ."

"ಮತ್ತೆ ತಲೆ ಯಾಕೆ ತಗ್ಗಿಸ್ತೀಯ? ಮೊದಲು ನೀರು ಕುಡಿ."

ಅವಳು ಕುಡಿದಳು. ಅಕ್ಕ ಗಂಟು ಬಿಚ್ಚಿ, ಅಂಗಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹರಡಿ ನೋಡಿದಳು. ತಲೆ ಎತ್ತದೆಯೇ, "ಇನ್ಮೇಲೆ ದಿನಾ ಬರಬೇಡ," ಅಂದಳು. "ಪಕ್ಕದ ಮನೆಯವಳು ಎರಡು ಹೊತ್ತು ಊಟ ಕೊಡ್ತೀನಿ ಅಂದಿದ್ದಾಳೆ. ನೀನು ವಾರಕ್ಕೊಂದು ಸಲ ಬಾ. ಬಟ್ಟೆ ಒಟ್ಟಿಗೆ ತಂದುಬಿಡು."

ಇಲ್ಲ, ದಿನಾ ಬಂದೇ ಬರ್ತೀನಿ ಎನ್ನಲು ಕತ್ತರಿಯಮ್ಮ ಬಾಯಿ ತೆರೆದಳು. ಮೆಟ್ಟಿಲು ಹತ್ತಿಳಿದ ಕಾಲು ಇನ್ನೂ ನಡುಗುತ್ತಿತ್ತು, ವಾಪಸ್ಸು ಹೋಗುವ ದಾರಿ ಅಷ್ಟೂ ಬಾಕಿ ಇತ್ತು.

"ಆಗಲಿ ಅಕ್ಕ," ಅಂದಳು.